ಇ-ಮೇಲ್ ಟಪಾಲಿಗೊಬ್ಬ ಗುಮಾಸ್ತ: ಫಿಲ್ಟರ್‌ಗಳ ಸದ್ಬಳಕೆ

ಬೆಳಿಗ್ಗೆ ಬಾಗಿಲು ತೆರೆದು, ದೇವರಿಗೆ ದೀಪ ಹಚ್ಚಿ, ಗಣಕಯಂತ್ರವನ್ನು ಚಾಲನೆಗೊಳಿಸಿದೊಡನೆ ಹತ್ತಾರು ಇ-ಮೇಲ್‌ಗಳು ಬಂದು ಬೀಳುವುದು ಇಂದು ನಮ್ಮ ಸದಸ್ಯರೆಲ್ಲರ ಅನುಭವ. ರಾಮನಗರದ ರೇಷ್ಮೆ ವ್ಯಾಪಾರಿ, ಚನ್ನಪಟ್ಟಣದ ಬೊಂಬೆ ತಯಾರಕ, ಕನಕಪುರ ಮತ್ತು ಮಾಗಡಿಯ ಸಗಟು ವರ್ತಕ, ಬಿಡದಿ ಹಾಗೂ ಹಾರೋಹಳ್ಳಿ ಕೈಗಾರಿಕಾ ಪ್ರದೇಶಗಳ ಬಿಡಿಭಾಗ ತಯಾರಕ, ಹೀಗೆ ಯಾರೇ ಆಗಲಿ, ಅವರ ಟಪಾಲಿನಲ್ಲಿ ಖರೀದಿ ಆದೇಶ, ಬ್ಯಾಂಕಿನ ಮಾಹಿತಿ, ಸಾಲ ಕೊಡುತ್ತೇವೆಂಬ ಜಾಹೀರಾತು ಮತ್ತು ತೆರಿಗೆ ಇಲಾಖೆಯ ಸೂಚನಾಪತ್ರ ಎಲ್ಲವೂ ಒಂದೇ ರಾಶಿಯಾಗಿ ಬಂದಿರುತ್ತವೆ. ಇವನ್ನು ತಾನಾಗಿಯೇ ವಿಂಗಡಿಸಿ ಕೊಡುವ ‘ಫಿಲ್ಟರ್’ ಎಂಬ ಸೌಲಭ್ಯವು ಇ-ಮೇಲ್ ತಂತ್ರಾಂಶಗಳಲ್ಲಿ ಬಹುಕಾಲದಿಂದ ಇದೆ. ಸರಿಯಾಗಿ ಬಳಸಿದರೆ ಅದು ಸಂಬಳವಿಲ್ಲದ ಗುಮಾಸ್ತ; ತಪ್ಪಾಗಿ ಬಳಸಿದರೆ ನಮ್ಮ ಟಪಾಲನ್ನು ನಮಗೇ ತೋರಿಸದೆ ಹರಿದು ಹಾಕುವ ಗುಮಾಸ್ತ. ಎರಡನೆಯದಕ್ಕೆ ಉದಾಹರಣೆಯೊಂದನ್ನು ನಾನು ಹತ್ತಿರದಿಂದ ಕಂಡಿದ್ದೇನೆ.

ಒಂದು ಪ್ರಸಂಗ

ನನ್ನ ಕಕ್ಷಿದಾರರಲ್ಲೊಬ್ಬರು ಚನ್ನಪಟ್ಟಣದಲ್ಲಿ ಮರದ ಬೊಂಬೆ ತಯಾರಿಸಿ ಬೆಂಗಳೂರಿನ ಅಂಗಡಿಗಳಿಗೆ ಸರಬರಾಜು ಮಾಡುವವರು. ಜಿಎಸ್‌ಟಿ ತಂತ್ರಾಂಶ, ಜಿಎಸ್‌ಟಿ ತರಬೇತಿ ಎಂದು ದಿನವೂ ಬರುತ್ತಿದ್ದ ಜಾಹೀರಾತುಗಳಿಂದ ಬೇಸತ್ತ ಅವರ ಕಚೇರಿಯ ಹುಡುಗ ಒಂದು ಫಿಲ್ಟರ್ ರಚಿಸಿದ: ವಿಷಯದ ಸಾಲಿನಲ್ಲಿ ‘ಜಿಎಸ್‌ಟಿ’ ಎಂದಿರುವ ಪತ್ರಗಳೆಲ್ಲ ಅಳಿಸಿಹೋಗಲಿ. ತಂತ್ರಾಂಶವನ್ನು ಮುಚ್ಚುವಾಗ ಕಸದ ಫೋಲ್ಡರ್ ತಾನಾಗಿ ಖಾಲಿಯಾಗುವ ಏರ್ಪಾಡೂ ಇತ್ತು. ಎರಡು ತಿಂಗಳು ಎಲ್ಲರಿಗೂ ನೆಮ್ಮದಿ.

ಆ ನಡುವೆ ಜಿಎಸ್‌ಟಿಆರ್-1ರಲ್ಲಿ ಒಂದು ಬಿಲ್ಲು ಎರಡು ಬಾರಿ ನಮೂದಾಗಿ, ಅದರಲ್ಲಿ ತೋರಿಸಿದ ತೆರಿಗೆಗೂ 3ಬಿ ನಮೂನೆಯಲ್ಲಿ ಕಟ್ಟಿದ ತೆರಿಗೆಗೂ ವ್ಯತ್ಯಾಸವುಂಟಾಯಿತು. ಇಂಥ ವ್ಯತ್ಯಾಸ ನಿಗದಿತ ಮಿತಿಯನ್ನು ಮೀರಿದಾಗ, 2022ರ ಡಿಸೆಂಬರ್‌ನಲ್ಲಿ ಸೇರ್ಪಡೆಯಾದ ನಿಯಮ 88ಸಿ ಪ್ರಕಾರ ಡಿಆರ್‌ಸಿ-01ಬಿ ನಮೂನೆಯ ಸೂಚನೆ ಪೋರ್ಟಲ್‌ನಲ್ಲಿ ಪ್ರಕಟವಾಗಿ, ಅದರ ಪ್ರತಿಯು ನೋಂದಾಯಿತ ಇ-ಮೇಲ್‌ಗೆ ಬರುತ್ತದೆ. ಏಳು ದಿನಗಳೊಳಗೆ ತೆರಿಗೆ ಕಟ್ಟಬೇಕು, ಇಲ್ಲವೇ ವಿವರಣೆ ಕೊಡಬೇಕು. ಎರಡನ್ನೂ ಮಾಡದಿದ್ದರೆ ಮುಂದಿನ ಅವಧಿಯ ಜಿಎಸ್‌ಟಿಆರ್-1 ಸಲ್ಲಿಸಲು ಅವಕಾಶವಿಲ್ಲ. ಬಂದ ಪ್ರತಿಯನ್ನು ಫಿಲ್ಟರ್ ಅಳಿಸಿಹಾಕಿತ್ತು. 11ನೆಯ ತಾರೀಖಿನ ಸಂಜೆ ವಿವರಪಟ್ಟಿ ಸಲ್ಲಿಸಲು ಕುಳಿತಾಗಲೇ ವಿಷಯ ಬೆಳಕಿಗೆ ಬಂದದ್ದು. ಹಳೆಯ ಬಿಲ್ಲುಗಳನ್ನು ಹುಡುಕಿ ಉತ್ತರ ಸಿದ್ಧಪಡಿಸುವಷ್ಟರಲ್ಲಿ 14ನೆಯ ತಾರೀಖು ದಾಟಿತು. ಖರೀದಿದಾರರ 2ಬಿ ಪಟ್ಟಿಯಲ್ಲಿ ನಮ್ಮವರ ಬಿಲ್ಲುಗಳು ಕಾಣಿಸಲಿಲ್ಲ. ಹೂಡುವಳಿ ತೆರಿಗೆಯ ಜಮೆ ಸಿಗದ ಅಂಗಡಿಯವರು ಒಂದು ತಿಂಗಳು ಹಣ ತಡೆಹಿಡಿದರು. ಕಾಸಿನ ತಪ್ಪಿಲ್ಲ, ಕಳ್ಳತನವಿಲ್ಲ. ಆದರೂ ಆ ತಿಂಗಳು ಕುಶಲಕರ್ಮಿಗಳ ಕೂಲಿಗೆ ಅವರು ಕೈಸಾಲ ಮಾಡಬೇಕಾಯಿತು.

ಕಾನೂನಿನ ದೃಷ್ಟಿಯಲ್ಲಿ ‘ತಲುಪಿದೆ’ ಎಂದರೇನು?

‘ಪತ್ರವನ್ನು ನಾನು ನೋಡಲೇ ಇಲ್ಲ ಸ್ವಾಮಿ’ ಎಂಬುದು ಅವರ ಅಳಲು. ಆದರೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 13ನೆಯ ಪ್ರಕರಣದಂತೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಸ್ವೀಕಾರಕ್ಕೆಂದು ಗೊತ್ತುಪಡಿಸಿದ ಗಣಕ ವ್ಯವಸ್ಥೆಯನ್ನು ವಿದ್ಯುನ್ಮಾನ ದಾಖಲೆ ಪ್ರವೇಶಿಸಿದ ಕ್ಷಣವೇ ಅದು ತಲುಪಿದ ಕ್ಷಣ. ತೆರೆದು ಓದಿದ ಕ್ಷಣವಲ್ಲ. 2017ರ ಕೇಂದ್ರ ಜಿಎಸ್‌ಟಿ ಕಾಯ್ದೆಯ 169ನೆಯ ಪ್ರಕರಣವೂ ನೋಂದಣಿಯಲ್ಲಿ ಕೊಟ್ಟ ಇ-ಮೇಲ್ ವಿಳಾಸಕ್ಕೆ ಕಳುಹಿಸುವುದನ್ನು ನೋಟೀಸು ಜಾರಿಯ ಒಂದು ವಿಧಾನವೆಂದು ಹೇಳುತ್ತದೆ. ಆದ್ದರಿಂದ ಫಿಲ್ಟರ್ ಅಳಿಸಿದ ಪತ್ರವೂ ನಮಗೆ ತಲುಪಿದ ಪತ್ರವೇ. ಈ ಲೇಖನದ ಸಾರವೆಲ್ಲ ಇಷ್ಟೇ: ಫಿಲ್ಟರ್ ವಿಂಗಡಿಸಲಿ, ವಿಲೇವಾರಿ ಮಾಡದಿರಲಿ.

ನಮ್ಮ ರೀಲರ್ ಬಂಧುಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಾರುಕಟ್ಟೆಯಿಂದ ತಂದ ಗೂಡನ್ನು ಬೇಯಿಸುವ ಮುನ್ನ ಅವರು ಜೋಡಿಗೂಡು, ಕಲೆಗೂಡು, ತೂತುಗೂಡುಗಳನ್ನು ಬೇರೆ ತೆಗೆಯುತ್ತಾರೆಯೇ ಹೊರತು ತಿಪ್ಪೆಗೆ ಎಸೆಯುವುದಿಲ್ಲ. ಜೋಡಿಗೂಡಿನಿಂದ ಡುಪಿಯಾನ್ ನೂಲು ಬರುತ್ತದೆ, ತೂತುಗೂಡಿಗೂ ಕೊಳ್ಳುವವರಿದ್ದಾರೆ. ಟಪಾಲಿಗೂ ಇದೇ ನ್ಯಾಯ.

ರಚನಾ ಕ್ರಮ

2004ರಲ್ಲಿ ಮೊದಲ ಆವೃತ್ತಿ ಹೊರಬಂದು ಇಂದಿಗೂ ಉಚಿತವಾಗಿ ದೊರೆಯುತ್ತಿರುವ ‘ಥಂಡರ್‌ಬರ್ಡ್’ ತಂತ್ರಾಂಶವನ್ನು ಮಾದರಿಯಾಗಿಟ್ಟುಕೊಳ್ಳೋಣ. ‘ಔಟ್‌ಲುಕ್’ ಬಳಸುವವರಿಗೆ ಇದೇ ಸೌಲಭ್ಯ ‘ರೂಲ್ಸ್’ ಎಂಬ ಹೆಸರಿನಲ್ಲಿ ಸಿಗುತ್ತದೆ.

‘ಟೂಲ್ಸ್’ ಪಟ್ಟಿಯಲ್ಲಿ ‘ಮೆಸೇಜ್ ಫಿಲ್ಟರ್ಸ್’ ತೆರೆದು, ಯಾವ ಇ-ಮೇಲ್ ಖಾತೆಗೆ ಎಂಬುದನ್ನು ಆರಿಸಿ, ‘ನ್ಯೂ’ ಒತ್ತಿರಿ. ಪ್ರತಿ ಫಿಲ್ಟರ್‌ಗೂ ಮೂರು ಅಂಗಗಳು: ಹೆಸರು, ಷರತ್ತು, ಕ್ರಮ. ಷರತ್ತುಗಳು ಹಲವಿದ್ದಾಗ ಎಲ್ಲವೂ ಹೊಂದಬೇಕೇ, ಯಾವುದಾದರೊಂದು ಹೊಂದಿದರೆ ಸಾಕೇ ಎಂಬುದನ್ನು ಎಚ್ಚರದಿಂದ ಆರಿಸಬೇಕು. ಹೆಚ್ಚಿನ ತಪ್ಪುಗಳು ನಡೆಯುವುದು ಇಲ್ಲಿಯೇ. ಸಣ್ಣ ಉದ್ದಿಮೆಗೆ ಈ ನಾಲ್ಕು ಫಿಲ್ಟರ್‌ಗಳು ಸಾಕು.

1. ಸರ್ಕಾರ: ಕಳುಹಿಸಿದವರ ವಿಳಾಸದಲ್ಲಿ ‘ಡಾಟ್ ಗವ್ ಡಾಟ್ ಇನ್’ ಇದ್ದರೆ ‘ಇಂಪಾರ್ಟೆಂಟ್’ ಎಂಬ ಕೆಂಪು ಗುರುತು ಹಚ್ಚಿ, ಪತ್ರವನ್ನು ಇನ್‌ಬಾಕ್ಸ್‌ನಲ್ಲಿಯೇ ಬಿಡುವುದು, ‘ಸರ್ಕಾರ’ ಎಂಬ ಫೋಲ್ಡರ್‌ಗೆ ಒಂದು ಪ್ರತಿ, ನಿಮ್ಮ ಲೆಕ್ಕಿಗರಿಗೆ ಇನ್ನೊಂದು ಪ್ರತಿ. ಕೊನೆಯ ಕ್ರಮವಾಗಿ ‘ಸ್ಟಾಪ್ ಫಿಲ್ಟರ್ ಎಕ್ಸಿಕ್ಯೂಷನ್’.

2. ಗಿರಾಕಿ ಮತ್ತು ಸರಬರಾಜುದಾರರು: ‘ವ್ಯಾಪಾರ’ ಎಂಬ ವಿಳಾಸ ಪುಸ್ತಕ ರಚಿಸಿ, ಕಳುಹಿಸಿದವರು ಅದರಲ್ಲಿದ್ದರೆ ಬೇರೊಂದು ಬಣ್ಣದ ಗುರುತು. ಇಲ್ಲಿಯೂ ಕೊನೆಗೆ ನಿಲುಗಡೆ.

3. ದಿನವಹಿ ಮಾಹಿತಿ: ಕೊರಿಯರ್ ಮತ್ತು ಲಾರಿ ಸಾಗಣೆಯ ತಿಳಿವಳಿಕೆ ಪತ್ರಗಳು ತಮ್ಮ ಫೋಲ್ಡರ್‌ಗೆ ಹೋಗಲಿ.

4. ಜಾಹೀರಾತು: ವಿಷಯದಲ್ಲಿ ರಿಯಾಯಿತಿ, ತರಬೇತಿ, ಕೊಡುಗೆ ಮುಂತಾದ ಪದಗಳಿದ್ದರೆ ‘ಶನಿವಾರ ನೋಡುವುದು’ ಎಂಬ ಫೋಲ್ಡರ್‌ಗೆ. ಶನಿವಾರ ಯಜಮಾನರೇ ಕಣ್ಣಾಡಿಸಿ ಕೈಯಾರೆ ಅಳಿಸಲಿ.

ಫಿಲ್ಟರ್‌ಗಳು ಪಟ್ಟಿಯ ಮೇಲಿನಿಂದ ಕೆಳಕ್ಕೆ ಒಂದೊಂದಾಗಿ ಕೆಲಸ ಮಾಡುತ್ತವೆ. ಆದ್ದರಿಂದ ಸರ್ಕಾರದ ಫಿಲ್ಟರ್ ಮೊದಲಿದ್ದು, ಅದರಲ್ಲಿ ನಿಲುಗಡೆಯೂ ಇದ್ದರೆ, ಇಲಾಖೆಯ ಪತ್ರ ನಾಲ್ಕನೆಯ ಫಿಲ್ಟರಿನ ಕೈಗೆ ಸಿಗುವುದೇ ಇಲ್ಲ. ನನ್ನ ಕಕ್ಷಿದಾರರ ಕಚೇರಿಯಲ್ಲಿ ಈ ಒಂದು ಮುನ್ನೆಚ್ಚರಿಕೆ ಇದ್ದಿದ್ದರೆ ಒಂದು ತಿಂಗಳ ವಸೂಲಿ ನಿಲ್ಲುತ್ತಿರಲಿಲ್ಲ.

ಲೆಕ್ಕ ಪರಿಶೋಧಕನ ಕೆಲವು ಕಿವಿಮಾತುಗಳು

ಅ) ಅದೇ ಕಿಟಕಿಯಲ್ಲಿರುವ ‘ಫಿಲ್ಟರ್ ಲಾಗ್’ ಸೌಲಭ್ಯವನ್ನು ಚಾಲೂ ಮಾಡಿಸಿರಿ. ಯಾವ ಪತ್ರವನ್ನು ಯಾವ ಫಿಲ್ಟರ್ ಏನು ಮಾಡಿತು ಎಂಬುದು ಅಲ್ಲಿ ದಾಖಲಾಗುತ್ತದೆ. ಇದು ಗುಮಾಸ್ತನ ಆವಕ-ಜಾವಕ ವಹಿ ಇದ್ದಂತೆ.

ಆ) ಥಂಡರ್‌ಬರ್ಡ್‌ನ ಫಿಲ್ಟರ್‌ಗಳು ಕೆಲಸ ಮಾಡುವುದು ತಂತ್ರಾಂಶ ತೆರೆದಿದ್ದಾಗ ಮಾತ್ರ. ಜಿಮೇಲ್ ಖಾತೆಯುಳ್ಳವರು ಮುಖ್ಯ ವಿಳಾಸಗಳಿಗಾಗಿ ಜಿಮೇಲ್‌ನಲ್ಲಿಯೇ ಫಿಲ್ಟರ್ ರಚಿಸಿ, ‘ನೆವರ್ ಸೆಂಡ್ ಇಟ್ ಟು ಸ್ಪ್ಯಾಮ್’ ಎಂಬುದನ್ನು ಗುರುತಿಸಿಡುವುದು ಕ್ಷೇಮ. ಅಲ್ಲಿ ಸ್ಪ್ಯಾಮ್ ಫೋಲ್ಡರ್‌ಗೆ ಬಿದ್ದ ಪತ್ರ 30 ದಿನಗಳ ನಂತರ ತಾನಾಗಿ ಅಳಿಸಿಹೋಗುತ್ತದೆ.

ಇ) ನಿಮ್ಮ ಜಿಎಸ್‌ಟಿ ನೋಂದಣಿಯಲ್ಲಿ ಯಾರ ಇ-ಮೇಲ್ ಇದೆ ಎಂಬುದನ್ನು ಇಂದೇ ನೋಡಿಕೊಳ್ಳಿರಿ. ಎಷ್ಟೋ ಕಡೆ ಹಿಂದಿನ ಸಲಹೆಗಾರರ ಅಥವಾ ಕೆಲಸ ಬಿಟ್ಟುಹೋದ ನೌಕರನ ವಿಳಾಸವೇ ಉಳಿದಿರುತ್ತದೆ. ಅಂಥಲ್ಲಿ ಎಷ್ಟು ಒಳ್ಳೆಯ ಫಿಲ್ಟರ್ ಇದ್ದರೂ ವ್ಯರ್ಥ.

ಈ) ಕಳುಹಿಸಿದವರ ವಿಳಾಸವನ್ನು ವಂಚಕರು ನಕಲು ಮಾಡಬಲ್ಲರು. ಕೆಂಪು ಗುರುತು ಬಿದ್ದ ಮಾತ್ರಕ್ಕೆ ಪತ್ರ ಅಸಲಿಯೆಂದಲ್ಲ. ಪತ್ರದಲ್ಲಿರುವ ಕೊಂಡಿಯನ್ನು ಒತ್ತದೆ, ಪೋರ್ಟಲ್‌ನ ವಿಳಾಸವನ್ನು ನೀವೇ ಟೈಪ್ ಮಾಡಿ ಒಳಹೋಗಿ ಖಚಿತಪಡಿಸಿಕೊಳ್ಳಿರಿ.

ಉ) ತಿಂಗಳಿಗೊಮ್ಮೆ ಫಿಲ್ಟರ್‌ಗಳ ಪಟ್ಟಿಯನ್ನು ಪರಿಶೀಲಿಸಿರಿ. ಗುಪ್ತಪದ ಕದ್ದು ಖಾತೆಯೊಳಗೆ ನುಗ್ಗುವ ವಂಚಕರು, ‘ಬಿಲ್ಲು’ ‘ಪಾವತಿ’ ಎಂಬ ಪದಗಳಿರುವ ಪತ್ರಗಳನ್ನು ಮರೆಮಾಡುವ ಅಥವಾ ತಮಗೆ ರವಾನಿಸಿಕೊಳ್ಳುವ ಫಿಲ್ಟರ್ ಹಾಕಿಡುವುದುಂಟು. ಬಳಿಕ ಗಿರಾಕಿಗೆ ನಿಮ್ಮ ಹೆಸರಿನಲ್ಲಿಯೇ ಹೊಸ ಬ್ಯಾಂಕ್ ಖಾತೆಯ ಸಂಖ್ಯೆ ಹೋಗುತ್ತದೆ. ಖಾತೆ ಬದಲಾಗಿದೆಯೆಂಬ ಪತ್ರ ಯಾರಿಂದ ಬಂದರೂ ಮೊದಲೇ ತಿಳಿದಿರುವ ದೂರವಾಣಿ ಸಂಖ್ಯೆಗೆ ಕರೆಮಾಡಿ ಕೇಳದೆ ಹಣ ಕಳುಹಿಸಬಾರದು. ಮೋಸಹೋದರೆ ತಡಮಾಡದೆ 1930ಕ್ಕೆ ದೂರು ನೀಡಬೇಕು.

ಆ ಬೊಂಬೆ ತಯಾರಕರ ಕಚೇರಿಯಲ್ಲಿ ಈಗ ಮೇಲೆ ಹೇಳಿದ ನಾಲ್ಕು ಫಿಲ್ಟರ್‌ಗಳೇ ಇವೆ. ಅವನ್ನು ಹೊಸದಾಗಿ ರಚಿಸಿದವನು ಅದೇ ಹುಡುಗ; ಅವನನ್ನು ಕೆಲಸದಿಂದ ತೆಗೆಯದಿರುವಂತೆ ನಾನೇ ಹೇಳಿದೆ, ಏಕೆಂದರೆ ಅಳಿಸುವ ಅಧಿಕಾರವನ್ನು ಯಂತ್ರಕ್ಕೆ ಕೊಡಬಾರದೆಂದು ಅವನಿಗೆ ಯಾರೂ ತಿಳಿಸಿರಲಿಲ್ಲ. ಸದಸ್ಯ ಬಾಂಧವರು ತಮ್ಮ ಕಚೇರಿಯ ಫಿಲ್ಟರ್ ಪಟ್ಟಿಯನ್ನು ಈ ವಾರವೇ ತೆರೆದು, ‘ಡಿಲೀಟ್’ ಎಂಬ ಕ್ರಮ ಎಲ್ಲಿಯಾದರೂ ಇದ್ದರೆ ಅದನ್ನು ಮೊದಲು ತೆಗೆಸಬೇಕೆಂದು ವಿನಂತಿ.