ನವಿ ಮುಂಬಯಿಯ ರಬಾಳೆಯ ತಾಯಿ ಚುನಾವಣೆಗೆ ನಿಲ್ಲಬಹುದೇ?

ಖಂಡಿತ ನಿಲ್ಲಿ ತಾಯಿ. ಮಹಾರಾಷ್ಟ್ರದಲ್ಲಿ 2001ರ ಸೆಪ್ಟೆಂಬರ್ 12ರ ನಂತರ ಮೂರನೆಯ ಮಗು ಹುಟ್ಟಿದ್ದರೆ ನಗರಸೇವಕ (ಪಾಲಿಕೆ ಸದಸ್ಯ) ಸ್ಥಾನಕ್ಕೆ ನಿಲ್ಲುವಂತಿಲ್ಲ. ನಿಮಗೆ ಇಬ್ಬರೇ ಮಕ್ಕಳು, ಆ ತೊಡಕಿಲ್ಲ. ನವಿ ಮುಂಬಯಿ ಮಹಾನಗರಪಾಲಿಕೆಯ ಮತದಾರರ ಪಟ್ಟಿಯಲ್ಲಿ ಹೆಸರಿದೆಯೇ, ಇಂದೇ ನೋಡಿ. ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು. ಹಾಗಿರುವಾಗ ಯಜಮಾನರನ್ನು ಮುಂದೆ ಬಿಟ್ಟು ನೀವು ಹಿಂದೆ ನಿಲ್ಲುವುದು ಬೇಡ, ದಯವಿಟ್ಟು.

ನೀರು ಬಾರದಿದ್ದಾಗ ಚಾಳಿನವರಿಗೆಲ್ಲ ಅರ್ಜಿ ಬರೆದುಕೊಟ್ಟ ಕೈ ನಿಮ್ಮದು. ಅದನ್ನೇ ಹೇಳಿ ಮತ ಕೇಳಿ. ಕನ್ನಡಿಗರ ಮತವೊಂದೇ ಸಾಲದು. ಸ್ಥಳೀಯ ಆಗರಿ ಸಮುದಾಯದ ಮನೆಗಳಿಗೂ ಹೋಗಿ, ಮರಾಠಿಯಲ್ಲೇ ಮಾತಾಡಿಸಿ. ಚಹಾದ ಬಿಲ್ಲನ್ನೂ ಎತ್ತಿಡಿ, ಖರ್ಚಿನ ಲೆಕ್ಕ ಕೊಡದವರನ್ನು ರಾಜ್ಯ ಚುನಾವಣಾ ಆಯೋಗ ಅನರ್ಹಗೊಳಿಸಬಹುದು. ಮಗಳ ಪರೀಕ್ಷೆ ಮುಗಿಯುವವರೆಗೆ ರಾತ್ರಿ ಸಭೆ ಇಲ್ಲವೆಂದು ಕಾರ್ಯಕರ್ತರಿಗೆ ಈಗಲೇ ಹೇಳಿಬಿಡಿ.