ತಪ್ಪು ತಿದ್ದುವಿಕೆ ಮತ್ತು ಮಗುವಿನ ದುರ್ಬಲ ‘ಸ್ವ’

ಎಂಟನೆಯ ತರಗತಿಯ ಗಣಿತದ ಅವಧಿ. ಕಪ್ಪುಹಲಗೆಯ ಮೇಲೆ ಲೆಕ್ಕ ಬಿಡಿಸುತ್ತಿರುವ ಹುಡುಗನು ಋಣ ಚಿಹ್ನೆಯೊಂದನ್ನು ಬಿಡುತ್ತಾನೆ. “ಚಿಹ್ನೆ ನೋಡಪ್ಪ” ಎಂದು ಪ್ರಶಿಕ್ಷಣಾರ್ಥಿ ಹೇಳುತ್ತಾರೆ, ತರಗತಿ ನಗುತ್ತದೆ. ಹುಡುಗನು ಸೀಮೆಸುಣ್ಣ ಎಸೆದು ಹೋಗಿ ಕೂರುತ್ತಾನೆ, ಆಮೇಲೆ ಪುಸ್ತಕ ತೆರೆಯುವುದಿಲ್ಲ. ಇದನ್ನು ‘ಅಶಿಸ್ತು’ ಅಥವಾ ‘ಅಹಂಕಾರ’ ಎಂದು ಕರೆಯುವ ಮುನ್ನ ಮನೋವಿಶ್ಲೇಷಣೆ ಏನು ಹೇಳುತ್ತದೆ ಎಂಬುದನ್ನು ನೋಡೋಣ.

ವಿಯೆನ್ನಾದಲ್ಲಿ ಹುಟ್ಟಿ ಷಿಕಾಗೋದಲ್ಲಿ ನೆಲೆಸಿದ ಹೈಂಜ್ ಕೊಹುಟ್ (1913–1981) ‘ಸ್ವ’ದ ಬೆಳವಣಿಗೆಯನ್ನೇ ತಮ್ಮ ಅಧ್ಯಯನದ ಕೇಂದ್ರವಾಗಿಸಿದರು. ಅವರ ‘ದಿ ಅನಾಲಿಸಿಸ್ ಆಫ್ ದ ಸೆಲ್ಫ್’ 1971ರಲ್ಲಿ ಪ್ರಕಟವಾಯಿತು. ಅವರ ಪ್ರಕಾರ, ‘ನನಗೆ ಬೆಲೆಯಿದೆ’ ಎಂಬ ಒಳಭರವಸೆ ಇತರರ ಆಸರೆಯಲ್ಲಿ ಬೆಳೆಯುತ್ತದೆ. ತನ್ನನ್ನು ಕಂಡು ಸಂತೋಷಪಡುವವರು, ನೆಚ್ಚಿಕೊಳ್ಳಬಹುದಾದ ಹಿರಿಯರು, ತನ್ನಂತೆಯೇ ಇರುವ ಜೊತೆಗಾರರು ಮಗುವಿಗೆ ಬೇಕು. ಈ ಆಸರೆ ಸಾಲದಾದಾಗ ಸಣ್ಣ ಅವಮಾನವೂ ತನ್ನನ್ನೇ ಅಲ್ಲಗಳೆದಂತೆ ತೋರಿ, ಸಿಟ್ಟಾಗಿ ಹೊರಬರುತ್ತದೆ.

ಹಾಗೆಂದು ತಪ್ಪನ್ನು ತಿದ್ದದೆ ಬಿಡಬೇಕೆಂದಲ್ಲ. ಬರಿಯ ಹೊಗಳಿಕೆಯಿಂದ ‘ಸ್ವ’ ಗಟ್ಟಿಯಾಗದು. ಆಸರೆಯ ನಡುವೆ ಎದುರಾಗುವ, ತಾಳಿಕೊಳ್ಳಬಲ್ಲಷ್ಟು ಚಿಕ್ಕ ನಿರಾಸೆಗಳಿಂದಲೇ ಮಗು ತನ್ನನ್ನು ತಾನು ಸಂಭಾಳಿಸಲು ಕಲಿಯುತ್ತದೆ ಎಂಬುದು ಕೊಹುಟ್ ಅವರ ಮುಖ್ಯ ವಿಚಾರ.

ಲಂಡನ್ನಿನ ಮಕ್ಕಳ ವೈದ್ಯರೂ ಮನೋವಿಶ್ಲೇಷಕರೂ ಆಗಿದ್ದ ಡೊನಾಲ್ಡ್ ವಿನಿಕಾಟ್ (1896–1971) ಇನ್ನೊಂದು ಮುಖವನ್ನು ತೋರಿಸಿದರು. ಇತರರ ಅಪೇಕ್ಷೆಗೆ ತಕ್ಕಂತೆ ನಡೆಯುತ್ತಾ ನಿಜವಾದ ಭಾವನೆಗಳನ್ನು ಬಚ್ಚಿಡುವ ಸ್ಥಿತಿಯನ್ನು ಅವರು ‘ಹುಸಿ ಸ್ವ’ ಎಂದರು. ಆದ್ದರಿಂದ ಸೀಮೆಸುಣ್ಣ ಎಸೆದವನನ್ನು ಮಾತ್ರವಲ್ಲ, ಟಿಪ್ಪಣಿಯನ್ನು ಅಂದವಾಗಿ ಬರೆದು ಒಂದು ಸಂದೇಹವನ್ನೂ ಕೇಳದ ಹುಡುಗಿಯನ್ನೂ ಗಮನಿಸಬೇಕು. ಮೌನವೆಲ್ಲ ದುರ್ಬಲತೆಯಲ್ಲ, ಆದರೆ ವಿಧೇಯತೆಯೆಲ್ಲ ನೆಮ್ಮದಿಯೂ ಅಲ್ಲ.

ಅಭ್ಯಾಸ ಬೋಧನೆಯಲ್ಲಿ ಪಾಲಿಸಬಹುದಾದ ಕ್ರಮಗಳು:

1. ಸರಿಯಾದ ಹಂತವನ್ನು ಮೊದಲು ಗುರುತಿಸಿ: “ಮೂರು ಹಂತ ಸರಿಯಿದೆ, ನಾಲ್ಕನೆಯದನ್ನು ಇನ್ನೊಮ್ಮೆ ನೋಡು.”
2. ಹಂತವನ್ನು ತಿದ್ದಿ, ‘ನಿನಗೆ ಯಾವಾಗಲೂ ಗಮನವಿಲ್ಲ’ ಎಂದು ಮಗುವಿಗೆ ಹಣೆಪಟ್ಟಿ ಹಚ್ಚಬೇಡಿ.
3. ತರಗತಿಯ ನಗುವನ್ನು ತಕ್ಷಣ ತಡೆಯಿರಿ.
4. ನಮ್ಮಿಂದ ನೋವಾಗಿದ್ದರೆ ಅವಧಿ ಮುಗಿದ ಮೇಲೆ ಹತ್ತಿರ ಹೋಗಿ ಮಾತನಾಡಿ. ಮರುದಿನ ಮತ್ತೆ ಹಲಗೆಗೆ ಬರುವ ಅವಕಾಶ ಕೊಡಿ.

ಶಿಕ್ಷಕರು ಮನೋಚಿಕಿತ್ಸಕರಲ್ಲ. ಇಂಥ ವರ್ತನೆ ಬಹುಕಾಲ ಮುಂದುವರಿದರೆ ಮುಖ್ಯೋಪಾಧ್ಯಾಯರು, ಪೋಷಕರು, ಆಪ್ತ ಸಮಾಲೋಚಕರ ನೆರವು ಪಡೆಯಬೇಕು.

ಕೊನೆಯದಾಗಿ, ನಮ್ಮ ಪಾಠದ ವೀಕ್ಷಣಾ ಹಾಳೆಯಲ್ಲಿ ಮಾರ್ಗದರ್ಶಕರು ‘ಧ್ವನಿ ಸಾಲದು’ ಎಂದು ಬರೆದ ದಿನವನ್ನು ನೆನೆಯೋಣ. ಉಳಿದ ಹತ್ತು ಒಳ್ಳೆಯ ಮಾತುಗಳು ಅಂದು ಕಣ್ಣಿಗೆ ಬೀಳಲಿಲ್ಲ. ಹಲಗೆಯ ಮುಂದೆ ನಿಂತ ಹುಡುಗನ ಸ್ಥಿತಿಯೂ ಅದೇ.