ಪುಟ್ಟ ಕೈಗೆ ಗೆಣಸಿನ ತುಂಡು

ನಿಮ್ಮ 8 ತಿಂಗಳ ಮಗಳು ರಾಗಿ ಸರಿಯ ಚಮಚ ತಳ್ಳಿ, ನಿಮ್ಮ ತಟ್ಟೆಗೇ ಕೈ ಹಾಕುತ್ತಾಳೆಂದು ಬರೆದಿದ್ದೀರಿ. ಅದು ಹಟವಲ್ಲ ತಾಯಿ, ತಾನೇ ತಿನ್ನುವ ಆಸೆ. ಆಸರೆಯಿಲ್ಲದೆ ನೆಟ್ಟಗೆ ಕೂರುತ್ತಾಳಾದರೆ ಧೈರ್ಯವಾಗಿ ಶುರುಮಾಡಿ.

ಮೊದಲು ಸಿಹಿಗೆಣಸು. ಸಿಪ್ಪೆ ತೆಗೆದು, ನಿಮ್ಮ ಬೆರಳಿನಷ್ಟು ಉದ್ದಕ್ಕೆ ಹೆಚ್ಚಿ, ಇಡ್ಲಿ ಪಾತ್ರೆಯಲ್ಲಿ ಬೇಯಿಸಿ. ಎರಡು ಬೆರಳ ನಡುವೆ ಒತ್ತಿದರೆ ಸಲೀಸಾಗಿ ನುರಿಯಬೇಕು. ಹಲ್ಲಿಲ್ಲದ ವಸಡಿಗೆ ಅಷ್ಟು ಮೆತ್ತಗಿದ್ದರೇ ಸರಿ. ಕ್ಯಾರೆಟ್, ಸೀಮೆಬದನೆಗೂ ಇದೇ ಪರೀಕ್ಷೆ. ದೋಸೆ ಹಿಟ್ಟಿಗೆ ಉಪ್ಪು ಬೆರೆಸುವ ಮೊದಲೇ ಒಂದು ಸೌಟು ಅವಳಿಗೆಂದು ತೆಗೆದಿಡಿ. ಗರಿಗರಿ ಮಾಡದೆ ಮೆತ್ತಗೆ ಹುಯ್ದು, ಪಟ್ಟಿಯಾಗಿ ಕತ್ತರಿಸಿ ಕೊಡಿ. ಪೂರ್ತಿ ಬೆಂದ ಮೊಟ್ಟೆಯೂ ಆಗುತ್ತದೆ.

ವರ್ಷ ತುಂಬುವವರೆಗೆ ಉಪ್ಪು, ಸಕ್ಕರೆ, ಬೆಲ್ಲ ಬೇಡ. ಜೇನುತುಪ್ಪವನ್ನಂತೂ ನಾಲಿಗೆಗೆ ಸವರಲೂಬೇಡಿ; ಅದರಲ್ಲಿರಬಹುದಾದ, ಬಾಟುಲಿಸಂ ಎಂಬ ಕಾಯಿಲೆ ತರುವ ಬ್ಯಾಕ್ಟೀರಿಯಾ ಎಳೆಗೂಸಿಗೆ ಅಪಾಯಕಾರಿ. ಇಡೀ ಕಡಲೆಬೀಜ, ದ್ರಾಕ್ಷಿ, ಕೊಬ್ಬರಿ ಚೂರು ಗಂಟಲಿಗೆ ಸಿಕ್ಕಿಕೊಳ್ಳುತ್ತವೆ. ಅಜ್ಜಿಗೂ ಇದನ್ನು ಹೇಳಿಡಿ.

ತಿನ್ನುವಾಗ ಓಕರಿಸಿ ಕೆಮ್ಮಿದರೆ ಬಾಯಿಗೆ ಬೆರಳು ಹಾಕಬೇಡಿ, ತಾನೇ ಹೊರಹಾಕುತ್ತಾಳೆ. ದನಿಯೇ ಹೊರಡದೆ ಒದ್ದಾಡಿದರೆ ಅದು ತುರ್ತು. ಅದರ ಪ್ರಥಮ ಚಿಕಿತ್ಸೆಯನ್ನು ಈಗಲೇ ಮಕ್ಕಳ ಡಾಕ್ಟರ ಬಳಿ ಕಲಿತುಕೊಳ್ಳಿ. ತಿನ್ನುವಷ್ಟು ಹೊತ್ತೂ ದೊಡ್ಡವರೊಬ್ಬರು ಪಕ್ಕದಲ್ಲೇ ಇರಲಿ. ಎದೆಹಾಲು ಎಂದಿನಂತೆ ಮುಂದುವರಿಯಲಿ.